ಇಳಿಜಾರಿನ ಲೆಕ್ಕ: ಎರೆನೆಲದ ಮಣ್ಣು ಮಳೆಗೆ ಸೋಲುತ್ತಿರುವುದೇಕೆ?

2025ರ ಸೆಪ್ಟೆಂಬರ್ ಕೊನೆಯ ವಾರ ಭೀಮಾ ನದಿ ಉಕ್ಕಿ ಹರಿದು ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳ ನದಿತೀರದ ಗ್ರಾಮಗಳನ್ನು ಜಲಾವೃತಗೊಳಿಸಿತು. ತೊಗರಿ, ಹತ್ತಿ, ಹೆಸರು, ಉದ್ದು ನೀರಿನಲ್ಲಿ ನಿಂತು ಕೊಳೆತವು. ಮುಖ್ಯಮಂತ್ರಿಗಳ ವೈಮಾನಿಕ ಸಮೀಕ್ಷೆಯ ಬೆನ್ನಲ್ಲೇ ರಾಜ್ಯ ಸರ್ಕಾರವು ನಿಗದಿತ ಪರಿಹಾರದ ಜೊತೆಗೆ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ನೆರವನ್ನು ಘೋಷಿಸಿತು. ಬೆಳೆ, ಮನೆ, ರಸ್ತೆ, ಸೇತುವೆ, ಜಾನುವಾರು ಹೀಗೆ ನಷ್ಟದ ಪಟ್ಟಿಗಳು ಸಿದ್ಧಗೊಂಡವು. ಆದರೆ ಆ ಯಾವ ಪಟ್ಟಿಯಲ್ಲೂ ಕಾಣಿಸಿಕೊಳ್ಳದ ನಷ್ಟವೊಂದಿತ್ತು. ನದಿಯ ನೀರು ಕಪ್ಪಗಾಗಿ ಹರಿದದ್ದು ಹೊಲಗಳ ಮೇಲ್ಮಣ್ಣನ್ನು ಹೊತ್ತು ಎಂಬುದನ್ನು ಯಾರೂ ಅಳೆಯಲಿಲ್ಲ. ಅಳೆಯಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.

ಬೆಳೆ ಮುಂದಿನ ವರ್ಷ ಮತ್ತೆ ಬರಬಹುದು, ಕುಸಿದ ಸೇತುವೆಯನ್ನು ಮತ್ತೆ ಕಟ್ಟಬಹುದು. ಕೊಚ್ಚಿಹೋದ ಮೇಲ್ಮಣ್ಣು ಮರಳಿ ಹುಟ್ಟಲು ಶತಮಾನಗಳೇ ಬೇಕು. ಉತ್ತರ ಕರ್ನಾಟಕದ ಕೃಷಿಯ ಭವಿಷ್ಯವನ್ನು ನಿರ್ಧರಿಸುವ ಈ ಪ್ರಶ್ನೆಯ ಮೂಲದಲ್ಲಿರುವುದು ಮಳೆಯೊಂದೇ ಅಲ್ಲ. ಆ ಮಳೆ ಬೀಳುವ ನೆಲದ ಇಳಿಜಾರು ಎಷ್ಟು, ಆ ಇಳಿಜಾರಿನ ಮೇಲೆ ಹಾಸಿಕೊಂಡಿರುವ ಮಣ್ಣು ಎಂಥದ್ದು ಎಂಬ ಎರಡು ಸಂಗತಿಗಳೂ ಅಷ್ಟೇ ಮುಖ್ಯ.

ಲಾವಾದ ಮೆಟ್ಟಿಲುಗಳು

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ಭೂಮಿ ಬಿರಿದು, ಲಾವಾರಸ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿತು. ಇಂದು ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ ಹರಡಿರುವ ಈ ಕಪ್ಪು ಬಸಾಲ್ಟ್ ಶಿಲೆಯ ನೆಲವನ್ನು ಭೂವಿಜ್ಞಾನಿಗಳು ಡೆಕ್ಕನ್ ಟ್ರ್ಯಾಪ್ ಎಂದು ಕರೆಯುತ್ತಾರೆ. ಟ್ರ್ಯಾಪ್ ಎಂಬ ಪದ ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಮಾತಿನಿಂದ ಬಂದದ್ದು. ಮಹಾರಾಷ್ಟ್ರದ ಬಹುಭಾಗವನ್ನು ಆವರಿಸಿರುವ ಈ ಶಿಲಾಸ್ತರ ಕರ್ನಾಟಕದಲ್ಲಿ ಬೀದರ್, ಕಲಬುರಗಿ, ವಿಜಯಪುರ ಜಿಲ್ಲೆಗಳಿಗೂ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಕೆಲವು ಭಾಗಗಳಿಗೂ ಚಾಚಿಕೊಂಡಿದೆ. ರಾಜ್ಯದ ಎಲ್ಲ ಎರೆಮಣ್ಣೂ ಲಾವಾದಿಂದಲೇ ಹುಟ್ಟಿದ್ದಲ್ಲವಾದರೂ ಈ ಜಿಲ್ಲೆಗಳ ಕಪ್ಪು ನೆಲದ ತಾಯಿಬೇರು ಇರುವುದು ಇದೇ ಬಸಾಲ್ಟ್‌ನಲ್ಲಿ.

ಒಂದೇ ಶಿಲೆಯಿಂದ ಹುಟ್ಟಿದ ಮಣ್ಣು ಎಲ್ಲೆಡೆಯೂ ಒಂದೇ ತೆರನಾಗಿಲ್ಲ. ಸಾವಿರಾರು ಮಿಲಿಮೀಟರ್ ಮಳೆ ಸುರಿಯುವ ಸಹ್ಯಾದ್ರಿಯ ನೆತ್ತಿಯಲ್ಲಿ ಬಸಾಲ್ಟ್ ಶಿಲೆ ತೊಳೆದು ತೊಳೆದು ಕಬ್ಬಿಣದಂಶ ಉಳಿದ ಕೆಂಪು ಜಂಬಿಟ್ಟಿಗೆಯಾಗಿದೆ. ಮಳೆ ಕಡಿಮೆ ಇರುವ ಪೂರ್ವದ ಬಯಲಿನಲ್ಲಿ ಅದೇ ಶಿಲೆ ಜಿಗುಟಾದ ಕಪ್ಪು ಮಣ್ಣಾಗಿದೆ. ಬಯಲಿನೊಳಗೂ ಇಳಿಜಾರೇ ಮಣ್ಣಿನ ಹಣೆಬರಹ ಬರೆದಿದೆ. ಮಡ್ಡಿಯ ನೆತ್ತಿಯಲ್ಲಿ ಗೇಣುದ್ದದ ಗರಸು ಮಿಶ್ರಿತ ಮಣ್ಣು, ಇಳಿಜಾರಿನ ನಡುವೆ ಮೊಣಕಾಲಷ್ಟು ಆಳದ ಮಧ್ಯಮ ಎರೆ, ಹಳ್ಳದ ದಂಡೆಯಲ್ಲಿ ಆಳೆತ್ತರದ ದಟ್ಟ ಎರೆ. ಮೇಲಿನವರ ಮಣ್ಣು ಕೆಳಗಿನವರ ಹೊಲವಾಗಿರುವ ಈ ಕ್ರಮ ಸಾವಿರಾರು ವರ್ಷಗಳ ನಿಧಾನ ಸವೆತದ ಫಲ. ಆ ನಿಧಾನ ಇಂದು ಉಳಿದಿಲ್ಲ ಎಂಬುದೇ ಆತಂಕದ ಸಂಗತಿ.

ಹನಿಯಿಂದ ಹಳ್ಳದವರೆಗೆ

ಮಳೆ ಮಣ್ಣನ್ನು ಎರಡು ಹಂತಗಳಲ್ಲಿ ಕೀಳುತ್ತದೆ. ಮೊದಲನೆಯದು ಹನಿಯ ಪೆಟ್ಟು. ಬಿರುಮಳೆಯ ದಪ್ಪ ಹನಿಗಳು ಬತ್ತಲೆ ನೆಲಕ್ಕೆ ಅಪ್ಪಳಿಸಿದಾಗ ಹೆಂಟೆಗಳು ಒಡೆದು ಕಣಗಳು ಸಿಡಿಯುತ್ತವೆ. ಸಮತಟ್ಟಾದ ನೆಲದಲ್ಲಿ ಈ ಸಿಡಿತ ಎಲ್ಲ ದಿಕ್ಕಿಗೂ ಸಮನಾಗಿರುವುದರಿಂದ ಒಟ್ಟಾರೆ ನಷ್ಟ ಅಲ್ಪ. ಇಳಿಜಾರಿನಲ್ಲಿ ಕೆಳಮುಖವಾಗಿ ಸಿಡಿದ ಕಣ ಹೆಚ್ಚು ದೂರ ಹೋಗುತ್ತದೆ, ಮೇಲ್ಮುಖವಾಗಿ ಸಿಡಿದದ್ದು ಕಡಿಮೆ ದೂರ. ಹನಿಯೊಂದಕ್ಕೆ ಕೂದಲೆಳೆಯಷ್ಟಿರುವ ಈ ವ್ಯತ್ಯಾಸ ಕೋಟ್ಯಂತರ ಹನಿಗಳ ಮಳೆಯಲ್ಲಿ ಗಣನೀಯ ಪ್ರಮಾಣಕ್ಕೆ ಏರುತ್ತದೆ.

ಎರಡನೆಯದು ಹರಿಯುವ ನೀರಿನ ಬಲ. ನೆಲಕ್ಕೆ ಇಂಗದೆ ಉಳಿದ ನೀರು ಇಳಿಜಾರಿನಗುಂಟ ಹರಿಯುವಾಗ ಅದರ ವೇಗ ಇಳಿಜಾರಿನ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಇಳಿಜಾರು ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟು. ವೇಗ ಎರಡು ಪಟ್ಟಾದರೆ ಮಣ್ಣನ್ನು ಕೆರೆಯುವ ಶಕ್ತಿ ನಾಲ್ಕು ಪಟ್ಟು, ಕಣಗಳನ್ನು ಹೊತ್ತೊಯ್ಯುವ ಸಾಮರ್ಥ್ಯ ಅದಕ್ಕೂ ಎಷ್ಟೋ ಪಾಲು ಅಧಿಕ. ಮೊದಲು ಹಾಳೆಯಂತೆ ಹರಡಿ ಹರಿಯುವ ನೀರು ಕ್ರಮೇಣ ಬೆರಳಗಲದ ಸಾಲುಗಳಲ್ಲಿ ಕೂಡಿಕೊಳ್ಳುತ್ತದೆ, ಸಾಲುಗಳು ಸೇರಿ ಕೊರಕಲಾಗುತ್ತವೆ, ಕೊರಕಲು ಬೆಳೆದು ಹಳ್ಳವಾಗುತ್ತದೆ.

ಈ ಸಂಬಂಧವನ್ನು ಅಂಕಿಗಳಲ್ಲಿ ಹಿಡಿದಿಟ್ಟವರು ಅಮೆರಿಕದ ವಿಶ್‌ಮಯರ್ ಮತ್ತು ಸ್ಮಿತ್. ಅವರು 1965ರಲ್ಲಿ ಪ್ರಕಟಿಸಿ 1978ರಲ್ಲಿ ಪರಿಷ್ಕರಿಸಿದ ಮಣ್ಣು ಸವೆತದ ಸಮೀಕರಣ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರಲ್ಲಿ ಶೇ 9ರ ಇಳಿಜಾರನ್ನು, ಅಂದರೆ ನೂರು ಮೀಟರ್ ದೂರಕ್ಕೆ ಒಂಬತ್ತು ಮೀಟರ್ ಇಳಿಯುವ ನೆಲವನ್ನು ಒಂದು ಎಂದು ಎಣಿಸಲಾಗಿದೆ. ಆ ಅಳತೆಗೋಲಿನಲ್ಲಿ ಶೇ 1ರ ಇಳಿಜಾರಿನ ಸವೆತ ಸುಮಾರು 0.12, ಶೇ 3ರದ್ದು 0.26, ಶೇ 18ರದ್ದು 2.9. ಇಳಿಜಾರು ಶೇ 9ರಿಂದ ಶೇ 18ಕ್ಕೆ ಏರಿದಾಗ ಸವೆತ ಎರಡು ಪಟ್ಟಲ್ಲ, ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಶೇ 1ರಿಂದ ಶೇ 3ಕ್ಕೆ ಏರಿದರೂ ಎರಡು ಪಟ್ಟು ಮೀರುತ್ತದೆ.

ಆದರೆ ಈ ಸಮೀಕರಣ ಹುಟ್ಟಿದ್ದು ಅಮೆರಿಕದ ಹೊಲಗಳಲ್ಲಿ, ಬಹುಮಟ್ಟಿಗೆ ಶೇ 3ರಿಂದ ಶೇ 18ರವರೆಗಿನ ಇಳಿಜಾರುಗಳಲ್ಲಿ ನಡೆದ ಅಳತೆಗಳಿಂದ ಎಂಬುದನ್ನು ಮರೆಯುವಂತಿಲ್ಲ. ಅದಕ್ಕಿಂತ ಚಪ್ಪಟೆಯಾದ ಅಥವಾ ಕಡಿದಾದ ನೆಲಕ್ಕೆ ಅದನ್ನು ಕಣ್ಣುಮುಚ್ಚಿ ಅನ್ವಯಿಸಿದರೆ ಲೆಕ್ಕ ತಪ್ಪುತ್ತದೆ. ಎರೆನೆಲದ ಬಹುಪಾಲು ಹೊಲಗಳು ಇರುವುದು ಆ ವ್ಯಾಪ್ತಿಯ ಕೆಳಗೆ.

ಸಮತಟ್ಟು ಎಂಬ ಭ್ರಮೆ

ವಿಜಯಪುರ ಅಥವಾ ಕಲಬುರಗಿಯ ಎರೆಹೊಲದ ನಡುವೆ ನಿಂತವರಿಗೆ ನೆಲ ಅಂಗೈಯಂತೆ ಚಪ್ಪಟೆಯಾಗಿ ಕಾಣುತ್ತದೆ. ಶೇ 1 ಅಥವಾ 2ರ ಇಳಿಜಾರನ್ನು ಕಣ್ಣು ಗುರುತಿಸುವುದಿಲ್ಲ. ಇಂಥ ನೆಲದಲ್ಲಿ ಮಣ್ಣು ಕೊಚ್ಚಿಹೋಗುತ್ತದೆ ಎಂದರೆ ನಂಬುವುದೂ ಕಷ್ಟ. ಆದರೆ ಇಳಿಜಾರು ಕಡಿಮೆ ಇದ್ದ ಮಾತ್ರಕ್ಕೆ ಸವೆತ ಕಡಿಮೆ ಎಂಬ ನಿಯಮ ಎರೆಮಣ್ಣಿನ ಮುಂದೆ ದುರ್ಬಲವಾಗುತ್ತದೆ.

ಕಾರಣ ಈ ಮಣ್ಣಿನ ಒಳಗಿದೆ. ಬಸಾಲ್ಟ್ ಕರಗಿ ಉಂಟಾದ ಸ್ಮೆಕ್ಟೈಟ್ ಜಾತಿಯ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ನೆಲ ಮುಂಗಾರಿನ ಮೊದಲ ಮಳೆಯನ್ನು ಗಟಗಟನೆ ಕುಡಿಯುತ್ತದೆ. ಬಿರುಕು ಮುಚ್ಚಿದ ನಂತರ ಅದೇ ನೆಲ ಬಾಗಿಲು ಹಾಕಿಕೊಂಡಂತೆ ವರ್ತಿಸುತ್ತದೆ. ನೀರು ಇಂಗುವ ವೇಗ ಗಂಟೆಗೆ ಕೆಲವೇ ಮಿಲಿಮೀಟರ್‌ಗೆ ಕುಸಿಯುತ್ತದೆ. ಆಗ ಅರ್ಧ ಗಂಟೆಯ ಬಿರುಮಳೆ ಬಂದರೂ ನೀರಿನ ಹೆಚ್ಚಿನ ಪಾಲು ಹರಿದುಹೋಗಲೇಬೇಕು.

ಇದಕ್ಕೆ ಬೇಸಾಯ ಕ್ರಮವೂ ಕೈಜೋಡಿಸಿದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ ಕಾಣುವ ವಿಜಯಪುರದಲ್ಲಿ ಸೆಪ್ಟೆಂಬರ್ ಹೆಚ್ಚು ಮಳೆಯ ತಿಂಗಳು. ಆಳವಾದ ಎರೆಯಲ್ಲಿ ಮುಂಗಾರಿನುದ್ದಕ್ಕೂ ಹೊಲವನ್ನು ಖಾಲಿ ಬಿಟ್ಟು, ಕುಂಟೆ ಹೊಡೆದು ಹದಗೊಳಿಸಿ, ಮಣ್ಣಿನಲ್ಲಿ ಕೂಡಿಟ್ಟ ತೇವದ ಮೇಲೆ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುವುದು ಹಿಂಗಾರಿಯ ವಾಡಿಕೆ. ಒಣಬೇಸಾಯದ ದೃಷ್ಟಿಯಿಂದ ಇದು ತಲೆಮಾರುಗಳ ವಿವೇಕ. ಸವೆತದ ದೃಷ್ಟಿಯಿಂದ ನೋಡಿದರೆ ಮಳೆಯ ಪೆಟ್ಟು ಅತಿ ಜೋರಾಗಿರುವ ತಿಂಗಳುಗಳಲ್ಲೇ ನೆಲದ ಮೇಲೆ ಹಸಿರಿನ ಹೊದಿಕೆ ಇರುವುದಿಲ್ಲ.

ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯು 1976ರಿಂದ ಎರೆನೆಲದ ಕಿರು ಜಲಾನಯನಗಳಲ್ಲಿ ನಡೆಸಿದ ದೀರ್ಘಕಾಲದ ಪ್ರಯೋಗ ಈ ವಿಷಯದಲ್ಲಿ ಕಣ್ತೆರೆಸುವಂತಿದೆ. ಮುಂಗಾರಿನಲ್ಲಿ ಖಾಲಿ ಬಿಟ್ಟು ಹಿಂಗಾರಿಯಲ್ಲಿ ಬೆಳೆಯುವ ಸಾಂಪ್ರದಾಯಿಕ ಕ್ರಮದಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 6.4 ಟನ್ ಮಣ್ಣು ನಷ್ಟವಾಯಿತು. ಅಗಲ ಮಡಿ ಮತ್ತು ಸಾಲುಗಳನ್ನು ಅಲ್ಪ ಇಳಿಜಾರಿನಲ್ಲಿ ನಿರ್ಮಿಸಿ ಎರಡೂ ಹಂಗಾಮಿನಲ್ಲಿ ಬೆಳೆ ತೆಗೆದ ಸುಧಾರಿತ ಕ್ರಮದಲ್ಲಿ ನಷ್ಟ 1.5 ಟನ್‌ಗೆ ಇಳಿಯಿತು. ಧಾನ್ಯದ ಇಳುವರಿ ಹೆಕ್ಟೇರಿಗೆ 1.1 ಟನ್‌ನಿಂದ 5.1 ಟನ್‌ಗೆ ಏರಿತು. ಎರಡೂ ಹೊಲಗಳ ಮಣ್ಣು ಒಂದೇ, ಮಳೆಯೂ ಒಂದೇ. ಬದಲಾದದ್ದು ನೀರು ಹರಿಯುವ ದಾರಿ ಮತ್ತು ನೆಲದ ಹೊದಿಕೆ.

6.4 ಟನ್ ಎಂದರೆ ಎಕರೆಗೆ ಸುಮಾರು ಎರಡೂವರೆ ಟನ್. ಪ್ರತಿ ಎಕರೆಯಿಂದ ವರ್ಷಕ್ಕೊಂದು ಟ್ರ್ಯಾಕ್ಟರ್ ಟ್ರೇಲರ್ ಮಣ್ಣನ್ನು ಯಾರೋ ಹೇರಿಕೊಂಡು ಹೋದಂತೆ. ಆದರೂ ಹೊಲದ ಮೇಲ್ಮೈಯಲ್ಲಿ ಅದು ಅರ್ಧ ಮಿಲಿಮೀಟರ್ ಮಾತ್ರ. ರೈತನ ಕಣ್ಣಿಗೆ ಅದು ಬೀಳುವುದಿಲ್ಲ. ಆಳವಾದ ಎರೆಯಲ್ಲಿ ಒಂದು ಶತಮಾನ ಕಳೆದರೂ ಈ ಐದು ಸೆಂಟಿಮೀಟರ್ ನಷ್ಟ ಮರೆಯಾಗಿಯೇ ಉಳಿಯಬಹುದು. ಮಡ್ಡಿಯ ಮೇಲಿನ ಮೂವತ್ತು ಸೆಂಟಿಮೀಟರ್ ಮಣ್ಣಿನ ಹೊಲಕ್ಕೆ ಅದು ಒಟ್ಟು ಆಸ್ತಿಯ ಆರನೆಯ ಒಂದು ಭಾಗ. ಅಲ್ಲಿ ಇಳಿಜಾರೂ ಹೆಚ್ಚು. ಆದ್ದರಿಂದ ಸವೆತದ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಇಳಿಜಾರಿನ ಮೇಲ್ತುದಿಯಲ್ಲಿ ತೆಳು ಮಣ್ಣಿನ ತುಂಡು ಹಿಡುವಳಿ ಹೊಂದಿರುವ ರೈತ ಮೊದಲು ಸೋಲುತ್ತಾನೆ.

ಒಂದೇ ಇಳಿಜಾರು, ಬೇರೆ ಬೇರೆ ಫಲ

ಜ್ವಾಲಾಮುಖಿ ಮೂಲದ ಮಣ್ಣುಗಳೆಲ್ಲ ಇಳಿಜಾರಿಗೆ ಒಂದೇ ರೀತಿ ಸ್ಪಂದಿಸುವುದಿಲ್ಲ. ಜಾವಾ, ಜಪಾನ್ ಮುಂತಾದೆಡೆ ಬೂದಿಯಿಂದ ಹುಟ್ಟಿದ ಹಗುರ ಮಣ್ಣು ಸ್ಪಂಜಿನಂತೆ ನೀರು ಹೀರುತ್ತದೆ. ಹಸಿರು ಹೊದಿಕೆ ಇರುವವರೆಗೆ ಕಡಿದಾದ ಇಳಿಜಾರಿನಲ್ಲೂ ಅದು ಗಟ್ಟಿಯಾಗಿ ನಿಲ್ಲಬಲ್ಲದು. ಹೊಸದಾಗಿ ಬಿದ್ದ ಬೂದಿಯ ಕಥೆ ಇದಕ್ಕೆ ವ್ಯತಿರಿಕ್ತ. ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತ 1980ರ ಮೇ 18ರಂದು ಸ್ಫೋಟಗೊಂಡಾಗ ಸುತ್ತಲ ಬೆಟ್ಟಗಳ ಮೇಲೆ ಹರಡಿದ ನುಣುಪು ಬೂದಿ ಮೇಲ್ಮೈಯನ್ನು ಗಾರೆಯಂತೆ ಮುಚ್ಚಿ, ನೀರನ್ನು ಇಂಗಗೊಡದೆ ಸವೆತವನ್ನು ತೀವ್ರಗೊಳಿಸಿತು. ನುಣುಪು ಪದರ ಕೊಚ್ಚಿಹೋಗಿ ಒರಟು ಪದರ ಮೇಲೆ ಬರುತ್ತಿದ್ದಂತೆ, ಗಿಡಗಂಟಿ ಚಿಗುರುವ ಮೊದಲೇ ಸವೆತ ತಾನಾಗಿ ತಗ್ಗಿತು. ಫಿಲಿಪ್ಪೀನ್ಸ್‌ನ ಪಿನಾಟುಬೊದಲ್ಲಿ 1991ರ ಸ್ಫೋಟದ ನಂತರ ವರ್ಷಗಟ್ಟಲೆ ಪ್ರತಿ ಮಳೆಗಾಲದಲ್ಲೂ ಬೂದಿಕೆಸರು ಪ್ರವಾಹವಾಗಿ ಇಳಿದು ಊರುಗಳನ್ನು ಹೂತಿತು. ಇಳಿಜಾರಿನ ಕೋನವಷ್ಟನ್ನೇ ನೋಡಿ ಅಪಾಯವನ್ನು ಅಳೆಯಲಾಗದು ಎಂಬುದಕ್ಕೆ ಇವು ನಿದರ್ಶನ.

ಬಸಾಲ್ಟ್ ನಾಡಿನ ಪಶ್ಚಿಮ ಅಂಚಿನಲ್ಲೂ ಬೇರೆಯದೇ ನಿಯಮ ನಡೆಯುತ್ತದೆ. ಸಹ್ಯಾದ್ರಿಯ ಕಡಿದಾದ ಪಾರ್ಶ್ವಗಳಲ್ಲಿ ಮಣ್ಣು ಕಣಕಣವಾಗಿ ಸವೆಯುವುದಷ್ಟೇ ಅಲ್ಲ, ಇಡಿಯಾಗಿ ಜಾರುತ್ತದೆ. 2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳಿಣ ಗ್ರಾಮದ ಮೇಲೆ ಗುಡ್ಡ ಕುಸಿದು 150ಕ್ಕೂ ಹೆಚ್ಚು ಮಂದಿ ಸತ್ತರು. 2021ರ ಜುಲೈ 22ರಂದು ರಾಯಗಡ ಜಿಲ್ಲೆಯ ತಳಿಯೆಯಲ್ಲಿ 80ಕ್ಕೂ ಅಧಿಕ ಜನ ಬಲಿಯಾದರು. 2023ರ ಜುಲೈ 19ರ ರಾತ್ರಿ ಅದೇ ಜಿಲ್ಲೆಯ ಇರ್ಶಾಳವಾಡಿ ಮಣ್ಣಿನಡಿ ಸೇರಿತು. ಸಣ್ಣ ಇಳಿಜಾರಿನಲ್ಲಿ ಸವೆತ ಪ್ರತಿ ಮಳೆಗೂ ಇಷ್ಟಿಷ್ಟೇ ನಡೆಯುವ ಕ್ರಿಯೆ. ಕುಸಿತ ಹಾಗಲ್ಲ. ಶಿಲೆಯ ಮೇಲೆ ಕುಳಿತ ಮಣ್ಣಿನ ರಂಧ್ರಗಳೆಲ್ಲ ನೀರಿನಿಂದ ತುಂಬಿ ಹಿಡಿತ ಸಡಿಲಗೊಂಡು ಒಂದು ಮಿತಿ ದಾಟುವವರೆಗೆ ಏನೂ ಆಗುವುದಿಲ್ಲ, ದಾಟಿದೊಡನೆ ಎಲ್ಲವೂ ಆಗಿಹೋಗುತ್ತದೆ.

2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರು ಮತ್ತು ಕೇರಳದ ವಯನಾಡಿನಲ್ಲಿ ಸಂಭವಿಸಿದ ದುರಂತಗಳು ಬಸಾಲ್ಟ್ ನೆಲದವಲ್ಲ, ಅಲ್ಲಿನ ಶಿಲೆ ಬೇರೆ. ಆದರೆ ಕಡಿದಾದ ಇಳಿಜಾರು, ಅದರ ಬುಡವನ್ನು ಕಡಿಯುವುದು ಅಥವಾ ನೆತ್ತಿಯಲ್ಲಿ ನೀರು ನಿಲ್ಲುವುದು, ಎಡೆಬಿಡದ ಮಳೆ ಇವು ಕೂಡಿದಾಗ ಶಿಲೆ ಯಾವುದಾದರೂ ಅಪಾಯ ತಪ್ಪದು. ಇಂಥ ದುರಂತಗಳು ದೇಶದ ಗಮನ ಸೆಳೆಯುತ್ತವೆ, ಸೆಳೆಯಲೂಬೇಕು. ಆದರೆ ಇಳಿಜಾರಿನ ಅಪಾಯವೆಂದರೆ ಬೆಟ್ಟದ ಅಪಾಯವೊಂದೇ ಎಂಬ ಭಾವನೆ ಇದರಿಂದ ಬಲಗೊಂಡಿದೆ. ಬಯಲಿನ ಶೇ 2ರ ಇಳಿಜಾರು ಯಾರ ಕಣ್ಣಿಗೂ ಬೀಳದೆ ಉಳಿದಿದೆ.

ಡೋಣಿಯ ಒಡಲಲ್ಲಿ

ಬಯಲಿನಿಂದ ಹೋದ ಮಣ್ಣು ಎಲ್ಲಿಗೆ ಹೋಗುತ್ತದೆ? 1983ರಲ್ಲಿ ಧ್ರುವ ನಾರಾಯಣ ಮತ್ತು ರಾಂ ಬಾಬು ಎಂಬ ವಿಜ್ಞಾನಿಗಳು ಮಾಡಿದ, ಇಂದಿಗೂ ಉಲ್ಲೇಖಗೊಳ್ಳುವ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ 533 ಕೋಟಿ ಟನ್ ಮಣ್ಣು, ಅಂದರೆ ಹೆಕ್ಟೇರಿಗೆ ಸರಾಸರಿ 16 ಟನ್‌ಗೂ ಹೆಚ್ಚು ಸವೆಯುತ್ತದೆ. ಅದರಲ್ಲಿ ಶೇ 29ರಷ್ಟು ಸಮುದ್ರ ಸೇರುತ್ತದೆ, ಶೇ 10ರಷ್ಟು ಜಲಾಶಯಗಳಲ್ಲಿ ಹೂಳಾಗುತ್ತದೆ. ಉಳಿದ ಶೇ 61ರಷ್ಟು ಒಂದು ಜಾಗ ಬಿಟ್ಟು ಮತ್ತೊಂದು ಜಾಗದಲ್ಲಿ, ಅಂದರೆ ಕೆಳಗಿನ ಹೊಲ, ಹಳ್ಳ, ನದಿಪಾತ್ರಗಳಲ್ಲಿ ನಿಲ್ಲುತ್ತದೆ.

ಈ ಶೇ 61ರ ಅರ್ಥ ತಿಳಿಯಬೇಕಾದರೆ ವಿಜಯಪುರ ಜಿಲ್ಲೆಯ ಡೋಣಿ ನದಿಯನ್ನು ನೋಡಬೇಕು. ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ಈ ಪುಟ್ಟ ನದಿಯ ಕಣಿವೆ ಒಂದು ಕಾಲಕ್ಕೆ ಬಿಳಿಜೋಳದ ಕಣಜ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಆ ಸೀಮೆಯ ಜನ ಹೇಳುತ್ತ ಬಂದಿದ್ದಾರೆ. ಇಂದು ಅದೇ ಡೋಣಿ ಸುದ್ದಿಯಾಗುವುದು ಹೂಳಿನಿಂದ. ಪಾತ್ರ ತುಂಬಿ ಮೇಲೆದ್ದಿರುವುದರಿಂದ ಸಾಧಾರಣ ಮಳೆಗೂ ನದಿ ದಂಡೆ ಮೀರಿ ಹೊಲಗಳಿಗೆ ನುಗ್ಗುತ್ತದೆ, ತಾಳಿಕೋಟೆ ಬಳಿ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ನದಿಯ ಹೂಳು ತೆಗೆಸಬೇಕೆಂಬ ಬೇಡಿಕೆ ದಶಕಗಳಿಂದಲೂ ಇದೆ.

ಬೇಡಿಕೆ ನ್ಯಾಯವಾದದ್ದೇ. ಆದರೆ ಹೂಳು ನದಿಯಲ್ಲಿ ಹುಟ್ಟಿದ್ದಲ್ಲ. ಕಣಿವೆಯ ಎರಡೂ ಬದಿಯ ಸಣ್ಣ ಇಳಿಜಾರುಗಳಿಂದ ಅರ್ಧರ್ಧ ಮಿಲಿಮೀಟರ್‌ನಂತೆ ಇಳಿದು ಬಂದದ್ದು. ಮೇಲಿನ ಹೊಲಗಳ ಸವೆತ ನಿಲ್ಲದ ಹೊರತು ನದಿಯ ಹೂಳೆತ್ತುವುದು ನಲ್ಲಿ ನಿಲ್ಲಿಸದೆ ನೆಲ ಒರೆಸಿದಂತೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಕುರಿತು ದೊಡ್ಡ ಮೊತ್ತದ ಯೋಜನೆ ರೂಪಿಸುವಾಗಲೂ ಈ ಮಾತು ನೆನಪಿನಲ್ಲಿರಬೇಕು. ಜಲಾಶಯದ ಮೇಲ್ಭಾಗದ ಜಲಾನಯನ ಬಹುಪಾಲು ಇದೇ ಬಸಾಲ್ಟ್ ನೆಲ. ಅಲ್ಲಿನ ಇಳಿಜಾರುಗಳು ಬಿಟ್ಟುಕೊಟ್ಟ ಮಣ್ಣಿನ ಒಂದು ಪಾಲು ಅಣೆಕಟ್ಟಿನ ಒಡಲು ಸೇರುತ್ತದೆ.

ಒಡ್ಡುಗಳು ಕಲಿಸಿದ ಪಾಠ

ಸವೆತದ ವಿರುದ್ಧದ ಹೋರಾಟ ಈ ನಾಡಿಗೆ ಹೊಸದಲ್ಲ. ಮುಂಬಯಿ ಪ್ರಾಂತದ ಸರ್ಕಾರ 1930ರ ದಶಕದಲ್ಲೇ ಸೊಲ್ಲಾಪುರ, ವಿಜಯಪುರಗಳಲ್ಲಿ ಒಣಬೇಸಾಯದ ಸಂಶೋಧನೆ ಆರಂಭಿಸಿತ್ತು. 1942ರ ಭೂ ಸುಧಾರಣಾ ಯೋಜನೆಗಳ ಕಾಯ್ದೆಯಡಿ ವ್ಯಾಪಕವಾಗಿ ಸಮಪಾತಳಿ ಒಡ್ಡುಗಳನ್ನು ಹಾಕಲಾಯಿತು. ಕೆಂಪು ಮತ್ತು ಗರಸು ನೆಲಗಳಲ್ಲಿ ಇವು ಫಲ ಕೊಟ್ಟವು. ಆಳವಾದ ಎರೆಯಲ್ಲಿ ಎಡವಿದವು. ನೀರು ಇಂಗದ ನೆಲದಲ್ಲಿ ಒಡ್ಡಿನ ಹಿಂದೆ ವಾರಗಟ್ಟಲೆ ನೀರು ನಿಂತು ಬೆಳೆ ಕೊಳೆಯಿತು. ಬೇಸಿಗೆಯಲ್ಲಿ ಒಡ್ಡೇ ಬಿರುಕು ಬಿಟ್ಟು, ಮುಂದಿನ ಮಳೆಗೆ ಆ ಬಿರುಕಿನಲ್ಲಿ ನೀರು ನುಗ್ಗಿ ಒಡ್ಡು ಒಡೆದು ಕೊರಕಲು ಬಿತ್ತು. ರೈತರೇ ಒಡ್ಡುಗಳನ್ನು ಕೆಡವಿದ ಪ್ರಸಂಗಗಳೂ ಉಂಟು.

ಈ ಅನುಭವದಿಂದಲೇ ಎರೆನೆಲಕ್ಕೆ ನೀರನ್ನು ತಡೆದು ನಿಲ್ಲಿಸುವ ಒಡ್ಡಿಗಿಂತ, ಅಲ್ಪ ಇಳಿಜಾರಿನಲ್ಲಿ ನಿಧಾನವಾಗಿ ಹೊರಗೆ ಸಾಗಿಸುವ ಒಡ್ಡು ಸೂಕ್ತ ಎಂಬ ತೀರ್ಮಾನಕ್ಕೆ ತಜ್ಞರು ಬಂದರು. 1954ರಲ್ಲಿ ಸ್ಥಾಪನೆಗೊಂಡ ಬಳ್ಳಾರಿಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರ ಹಾಗೂ ವಿಜಯಪುರದ ಒಣಬೇಸಾಯ ಕೇಂದ್ರಗಳ ಕೆಲಸ ಈ ದಿಕ್ಕಿನಲ್ಲಿ ಸಾಗಿತು. ಹಿಂಗಾರಿ ಹೊಲಗಳಲ್ಲಿ ಮುಂಗಾರಿನ ಮಳೆಯನ್ನು ಹಿಡಿಯಲು ಚೌಕುಮಡಿ ಮಾಡುವುದು, ಇಳಿಜಾರಿಗೆ ಅಡ್ಡಲಾಗಿ ಬಿತ್ತುವುದು, ಬದುವಿನ ಮೇಲೆ ಹುಲ್ಲು ಬೆಳೆಸುವುದು, ಹೆಚ್ಚುವರಿ ನೀರಿಗೆ ಕಲ್ಲಿನ ಕೋಡಿ ಕಟ್ಟುವುದು ಶಿಫಾರಸುಗಳಾದವು. ಹುನಗುಂದ ಸೀಮೆಯ ರೈತರು ಒಡ್ಡು ಮತ್ತು ಕಲ್ಲಿನ ಕೋಡಿಗಳ ಈ ವಿದ್ಯೆಯನ್ನು ಯಾವ ಇಲಾಖೆಯೂ ಹೇಳಿಕೊಡುವ ಮುನ್ನವೇ ರೂಢಿಸಿಕೊಂಡಿದ್ದರು ಎಂಬುದು ಗಮನಾರ್ಹ.

ಇದರ ಹಿಂದಿನ ತರ್ಕ ಸರಳವಾದದ್ದು. ಹೊಲದ ಇಳಿಜಾರಿನ ಕೋನವನ್ನು ಬದಲಿಸುವುದು ದುಬಾರಿ ಕೆಲಸ. ಆದರೆ ಇಳಿಜಾರಿನ ಉದ್ದವನ್ನು ತುಂಡರಿಸುವುದು ರೈತನ ಕೈಯಲ್ಲೇ ಇದೆ. ಅದೇ ಸಮೀಕರಣದ ಪ್ರಕಾರ ಶೇ 2ರ ಇಳಿಜಾರಿನಲ್ಲಿ ನೀರು ತಡೆಯಿಲ್ಲದೆ ಹರಿಯುವ ಉದ್ದ 22 ಮೀಟರ್‌ನಿಂದ 200 ಮೀಟರ್‌ಗೆ ಏರಿದರೆ ಎಕರೆವಾರು ಸವೆತ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಶೇ 5 ಅಥವಾ ಅದಕ್ಕೂ ಮೀರಿದ ಇಳಿಜಾರಿನಲ್ಲಿ ಮೂರು ಪಟ್ಟಾಗುತ್ತದೆ. ಬದು ಕಿತ್ತು ಹೊಲಗಳನ್ನು ಒಂದಾಗಿಸಿದಾಗ ಟ್ರ್ಯಾಕ್ಟರ್ ತಿರುಗಲು ಅನುಕೂಲವಾಗಬಹುದು. ಆದರೆ ನೀರಿಗೂ ಅಷ್ಟೇ ಅನುಕೂಲವಾಗುತ್ತದೆ.

ಲೆಕ್ಕಕ್ಕೆ ಸಿಗದ ನಷ್ಟ

ಹಾಗಾದರೆ ಸರ್ಕಾರದ ನೀತಿ ಎಲ್ಲಿ ಎಡವುತ್ತಿದೆ? ಮಾಹಿತಿಯ ಕೊರತೆ ಇದೆ ಎನ್ನುವಂತಿಲ್ಲ. ವಿಶ್ವಬ್ಯಾಂಕ್ ನೆರವಿನ ಸುಜಲಾ ಜಲಾನಯನ ಯೋಜನೆ 2001ರಲ್ಲಿ ಆರಂಭವಾಯಿತು. ಅದರ ಮೂರನೆಯ ಹಂತದಲ್ಲಿ ಭೂ ಸಂಪನ್ಮೂಲ ಸಮೀಕ್ಷೆ ನಡೆಸಿ, ಸರ್ವೆ ನಂಬರ್ ಮಟ್ಟದಲ್ಲಿ ಮಣ್ಣಿನ ಆಳ, ಗರಸಿನ ಪ್ರಮಾಣ, ಇಳಿಜಾರು, ಸವೆತದ ತೀವ್ರತೆಗಳನ್ನು ನಕ್ಷೆಗಿಳಿಸುವ ಕೆಲಸ ಹಲವು ಜಿಲ್ಲೆಗಳಲ್ಲಿ ನಡೆಯಿತು. ಆ ನಕ್ಷೆಗಳಲ್ಲಿ ಶೇ 1ರೊಳಗಿನ ನೆಲ, ಶೇ 1ರಿಂದ 3, ಶೇ 3ರಿಂದ 5 ಎಂದು ಇಳಿಜಾರಿನ ದರ್ಜೆಗಳನ್ನು ಬಿಡಿಸಿ ತೋರಿಸಲಾಗಿದೆ. ನಂತರ ಬಂದ ರಿವಾರ್ಡ್ ಯೋಜನೆಯೂ ಇದೇ ವೈಜ್ಞಾನಿಕ ತಳಹದಿಯ ಮೇಲೆ ನಿಂತಿದೆ. ಯಾವ ಹೊಲಕ್ಕೆ ಎಂಥ ಒಡ್ಡು ಬೇಕು ಎಂಬುದನ್ನು ಹೇಳಬಲ್ಲ ಜ್ಞಾನ ರಾಜ್ಯದ ಬಳಿ ಇದೆ.

ತೊಡಕಿರುವುದು ನಷ್ಟವನ್ನು ಗುರುತಿಸುವ ಕ್ರಮದಲ್ಲಿ. ವಿಪತ್ತು ಪರಿಹಾರ ನಿಧಿಯ 2022ರಿಂದ 2026ರ ಅವಧಿಯ ಮಾರ್ಗಸೂಚಿಯಲ್ಲಿ ಸಣ್ಣ ಮತ್ತು ಅತಿಸಣ್ಣ ರೈತರ ಜಮೀನಿನ ನಷ್ಟಕ್ಕೆ ಅವಕಾಶವಿದೆ. ಹೊಲದಲ್ಲಿ ಮೂರು ಅಂಗುಲಕ್ಕೂ ಮಿಗಿಲಾಗಿ ಹೂಳು ತುಂಬಿದರೆ ಅದನ್ನು ತೆಗೆಯಲು ಹೆಕ್ಟೇರಿಗೆ 18,000 ರೂಪಾಯಿ, ಭೂಕುಸಿತ ಅಥವಾ ನದಿಯ ದಿಕ್ಕು ಬದಲಾವಣೆಯಿಂದ ಜಮೀನಿನ ಗಣನೀಯ ಭಾಗವೇ ಇಲ್ಲವಾದರೆ 47,000 ರೂಪಾಯಿ. ಅಂದರೆ ಮಣ್ಣು ಬಂದು ಬಿದ್ದವನಿಗೆ ಪರಿಹಾರವಿದೆ, ಜಮೀನೇ ಹೋದವನಿಗೂ ಇದೆ. ಮೇಲಿನ ಹೊಲದಿಂದ ಆ ಮಣ್ಣನ್ನು ಕಳೆದುಕೊಂಡವನ ಹೆಸರು ಎಲ್ಲೂ ಇಲ್ಲ. ಅವನ ನಷ್ಟ ಅಂಗುಲದಲ್ಲಿ ಅಳೆಯುವಂಥದ್ದಲ್ಲ, ವರ್ಷದಲ್ಲಿ ಮುಗಿಯುವಂಥದ್ದೂ ಅಲ್ಲ.

ಸವೆತಕ್ಕೆ ನಗದು ಪರಿಹಾರ ಕೊಡಬೇಕೆಂಬುದು ಇದರ ತಾತ್ಪರ್ಯವಲ್ಲ. ಅರ್ಧ ಮಿಲಿಮೀಟರ್ ನಷ್ಟವನ್ನು ಪ್ರತಿ ಹೊಲದಲ್ಲೂ ಅಳೆದು ಹಣ ಹಂಚುವುದು ಕಾರ್ಯಸಾಧ್ಯವೂ ಅಲ್ಲ. ಬದಲಾಗಿ ಪ್ರವಾಹ ಪೀಡಿತ ಜಲಾನಯನಗಳಲ್ಲಿ ಪುನರ್ವಸತಿಯ ಹಣದ ಒಂದು ಪಾಲನ್ನು ನದಿದಂಡೆಗಷ್ಟೇ ಸುರಿಯದೆ ಇಳಿಜಾರಿನ ಮೇಲ್ಭಾಗಕ್ಕೆ ಒಯ್ಯಬೇಕಿದೆ. ಉದ್ಯೋಗ ಖಾತರಿಯಂಥ ಕಾರ್ಯಕ್ರಮಗಳಲ್ಲಿ ನಡೆಯುವ ಬದು ನಿರ್ಮಾಣವು ಗ್ರಾಮವಾರು ಗುರಿ ಮುಟ್ಟುವ ಲೆಕ್ಕಾಚಾರಕ್ಕೆ ಬದಲಾಗಿ ಸಿದ್ಧವಿರುವ ಇಳಿಜಾರು ನಕ್ಷೆಯನ್ನು ಅನುಸರಿಸಬೇಕಿದೆ. ಶೇ 1ರ ಆಳವಾದ ಎರೆಗೂ ಶೇ 4ರ ಮಡ್ಡಿ ನೆಲಕ್ಕೂ ಒಂದೇ ಅಳತೆಯ ಬದು ಹಾಕಿದರೆ ಮೊದಲನೆಯದರಲ್ಲಿ ನೀರು ನಿಲ್ಲುತ್ತದೆ, ಎರಡನೆಯದರಲ್ಲಿ ಬದು ಒಡೆಯುತ್ತದೆ. ಎಂಬತ್ತು ವರ್ಷಗಳ ಹಿಂದಿನ ತಪ್ಪನ್ನು ಮತ್ತೆ ಮಾಡಿದಂತಾಗುತ್ತದೆ.

ಮುಂಗಾರಿನಲ್ಲಿ ನೆಲವನ್ನು ಬತ್ತಲೆ ಬಿಡುವ ವಾಡಿಕೆಗೂ ಪರ್ಯಾಯ ಒದಗಿಸಬೇಕು. ಮಳೆ ಅನುಕೂಲವಿರುವಲ್ಲಿ ಹೆಸರಿನಂಥ ಅಲ್ಪಾವಧಿ ದ್ವಿದಳ ಬೆಳೆ, ಇಲ್ಲದಲ್ಲಿ ಹಸಿರೆಲೆ ಗೊಬ್ಬರದ ಬೆಳೆ ನೆಲಕ್ಕೆ ಹೊದಿಕೆಯಾಗಬಲ್ಲವು. ಆದರೆ ಹಿಂಗಾರಿಯ ತೇವ ಕುಂದೀತೆಂಬ ರೈತನ ಭಯ ನಿರಾಧಾರವಲ್ಲ. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದದ್ದನ್ನು ಆತ ಮರೆತಿಲ್ಲ. ಆ ಅಪಾಯವನ್ನು ಒಬ್ಬನೇ ಹೊರುವಂತೆ ಅವನಿಗೆ ಹೇಳಲಾಗದು. ವಿಮೆ, ಬೀಜ ಮತ್ತು ಪ್ರೋತ್ಸಾಹಧನದ ಮೂಲಕ ಸರ್ಕಾರವೂ ಹೆಗಲು ಕೊಟ್ಟರೆ ಮಾತ್ರ ಬದಲಾವಣೆ ಸಾಧ್ಯ.

ಒಂದು ವರ್ಷ ಬರ, ಮತ್ತೊಂದು ವರ್ಷ ನೆರೆ ಎಂಬ ಸ್ಥಿತಿಗೆ ಉತ್ತರ ಕರ್ನಾಟಕ ಒಗ್ಗಿಹೋದಂತಿದೆ. ಇವೆರಡೂ ಬೇರೆ ಬೇರೆ ವಿಪತ್ತುಗಳಂತೆ ಕಂಡರೂ ಎರಡರ ಪರಿಣಾಮವನ್ನೂ ತೀವ್ರಗೊಳಿಸುವುದು ತೆಳುವಾಗುತ್ತಿರುವ ಮಣ್ಣು. ಮಣ್ಣು ತೆಳುವಾದಷ್ಟೂ ಅದು ಹಿಡಿದಿಡುವ ತೇವ ಕಡಿಮೆ, ಹರಿದುಹೋಗುವ ನೀರು ಅಧಿಕ. ಒಂದೇ ಹೊಲ ಸೆಪ್ಟೆಂಬರ್‌ನಲ್ಲಿ ನೆರೆಗೆ ನೀರು ಕೊಟ್ಟು ಜನವರಿಯಲ್ಲಿ ತೇವವಿಲ್ಲದೆ ಬಾಡುತ್ತದೆ. ಆರು ಕೋಟಿ ವರ್ಷಗಳ ಹಿಂದಿನ ಲಾವಾ ಕೊಟ್ಟ ಈ ಆಸ್ತಿಗೆ ಮರುಹುಟ್ಟಿಲ್ಲ. ಮುಂದಿನ ನೆರೆಯ ನಂತರ ಅಧಿಕಾರಿಗಳು ಜಂಟಿ ಸಮೀಕ್ಷೆಗೆ ಹೊರಟಾಗ ನದಿಯ ದಂಡೆಯಿಂದ ಹಿಂದಿರುಗದೆ, ಇಳಿಜಾರಿನಗುಂಟ ಮೇಲಕ್ಕೂ ಒಂದಿಷ್ಟು ದೂರ ನಡೆಯುವುದು ಒಳಿತು. ನಷ್ಟ ಆರಂಭವಾಗುವುದು ಅಲ್ಲಿಂದ.